ಹಳೆಯ ಐಪಿಎ (ಹಾಪ್ಸ್ ಹೆಚ್ಚಿರುವ ಒಂದು ಬಗೆಯ ಬಿಯರ್) ರೆಸಿಪಿ ಈಗಿನವುಗಳಂತೆ ಬರುತ್ತಿಲ್ಲ ಯಾಕೆ?

ಹಳೆಯ ರೆಸಿಪಿಯಲ್ಲಿ ಮನೆಯಲ್ಲೇ ಮಾಡಿದ ನಿಮ್ಮ ಐಪಿಎ ಕ್ಯಾರಮೆಲ್‌ನಂತೆ ಸಿಹಿಯಾಗಿ, ಗಂಟಲು ಹಿಡಿಯುವಷ್ಟು ಕಹಿಯಾಗಿ ಬಂತು ಎಂದಿದ್ದೀರಿ. ತಪ್ಪು ಹಾಪ್ಸ್‌ನದ್ದಲ್ಲ (ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂ), ರೆಸಿಪಿಯೇ ಹಳತು. ಆ ಸಿಹಿ ನಿಮ್ಮ ರೆಸಿಪಿಯಲ್ಲಿರುವ 10% ಕ್ರಿಸ್ಟಲ್ ಮಾಲ್ಟ್‌ನದ್ದು (ಮೊಳಕೆ ಬರಿಸಿ, ಕ್ಯಾರಮೆಲ್ ರುಚಿ ಬರುವಂತೆ ಹುರಿದ ಬಾರ್ಲಿ); ಗಂಟಲು ಹಿಡಿಯುವ ಕಹಿ, 60 ನಿಮಿಷ ಕುದಿಸಿದ ಹಾಪ್ಸ್‌ನದ್ದು. 2000ರ ದಶಕದಲ್ಲಿ ಬೇಕಿದ್ದದ್ದೇ ಅದು!

ಮೊದಲು ಕ್ರಿಸ್ಟಲ್ ಬಿಟ್ಟು ಆ ತೂಕಕ್ಕೆ ತಿಳಿ ಬಣ್ಣದ ಪಿಲ್ಸ್ನರ್ ಮಾಲ್ಟ್ ಹಾಕಿ. ಕುದಿಯುವಾಗ ಸ್ವಲ್ಪವೇ ಹಾಪ್ಸ್. ಉಳಿದದ್ದನ್ನು ಒಲೆ ಆರಿಸಿ, ವರ್ಟ್ (ಹುದುಗುವ ಮೊದಲಿನ ಮಾಲ್ಟ್ ರಸ) 80 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ಮೇಲೆ ಹಾಕಿ 20 ನಿಮಿಷ ಬಿಡಿ. ಹುದುಗು ಮುಗಿದ ಮೇಲೆ 20 ಲೀಟರ್‌ಗೆ 120 ಗ್ರಾಂ ಸಿಟ್ರಾ ಅಥವಾ ಮೊಸಾಯಿಕ್ ಹಾಪ್ಸ್ ಹಾಕಿ, ಮೂರು ದಿನ ಸಾಕು. ಜಾಸ್ತಿ ಬಿಟ್ಟರೆ ಹುಲ್ಲಿನ ವಾಸನೆ ಬರಬಹುದು.

ಈ ಹಾಪ್ಸ್ ಹುದುಗನ್ನು ಮತ್ತೆ ಎಬ್ಬಿಸುವುದುಂಟು. ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಸಾಧನ) ಅಳತೆ ಎರಡು ದಿನ ಒಂದೇ ಇದ್ದರೆ ಮಾತ್ರ ಬಾಟಲಿಗೆ ತುಂಬಿ, ಇಲ್ಲದಿದ್ದರೆ ಬಾಟಲಿ ಸಿಡಿದೀತು.

ನೀರಿನ ವಿವರ ನೀವು ಬರೆದಿಲ್ಲ. ಆಮೇಲೂ ಕಹಿ ಒರಟಾಗಿದ್ದರೆ ನೀರಿನಲ್ಲಿ ಸಲ್ಫೇಟ್ ಹೆಚ್ಚಿರಬಹುದು. ಜಿಪ್ಸಮ್ (ಸಲ್ಫೇಟ್ ಇರುವ ಲವಣ) ಹಾಕುತ್ತಿದ್ದರೆ ಅರ್ಧಕ್ಕೆ ಇಳಿಸಿ ನೋಡಿ.