ಕಾರ್ಡಿನ ಬಡ್ಡಿ ಏರಿಸಿ 2 ವರ್ಷವಾಯಿತು. ಬ್ಯಾಂಕ್ ಅದನ್ನು ಮತ್ತೆ ನೋಡಬೇಕು ಅಂತ ಕಾನೂನಿದೆಯಾ?

ನಮಸ್ಕಾರ. ನೀವು ಕೇಳಿರುವುದು ಇಷ್ಟು, ಅಲ್ವಾ? ಡಲ್ಲಾಸ್‌ನಲ್ಲಿದ್ದೀರಿ. 2 ವರ್ಷದ ಹಿಂದೆ ಕೆಲಸ ಬದಲಾಯಿಸುವ ಗಡಿಬಿಡಿಯಲ್ಲಿ ಕ್ರೆಡಿಟ್ ಕಾರ್ಡಿನ ಎರಡು ಬಿಲ್ ತಡವಾಗಿ ಕಟ್ಟಿದಿರಿ. ಬ್ಯಾಂಕಿನವರು ಬಡ್ಡಿಯನ್ನು ವರ್ಷಕ್ಕೆ 20%ನಿಂದ 28%ಗೆ ಏರಿಸಿದರು. ಅಲ್ಲಿಂದೀಚೆಗೆ ಒಂದು ತಿಂಗಳೂ ತಪ್ಪಿಸಿಲ್ಲ. ಫೋನ್ ಮಾಡಿ ಕೇಳಿದರೆ ‘ನಿಮ್ಮ ಅಕೌಂಟಿಗೆ ಈಗ ಯಾವ ಆಫರೂ ಇಲ್ಲ’ ಅಂದರು. 6 ತಿಂಗಳಿಗೊಮ್ಮೆ ಬ್ಯಾಂಕ್ ಆ ದರವನ್ನು ಮತ್ತೆ ನೋಡಬೇಕು ಅಂತ ಗೆಳೆಯರೊಬ್ಬರು ಹೇಳಿದ್ದಾರೆ, ಅದು ನಿಜವಾ?

ನಿಜ. ಅಂಥ ಕಾನೂನಿದೆ, ಕಟ್ಟುನಿಟ್ಟಾಗಿಯೇ ಇದೆ. ಫೋನಿನಲ್ಲಿ ಸಿಗುವವರು ತಮ್ಮೆದುರಿನ ಪರದೆಯಲ್ಲಿ ಆಫರ್ ಇದೆಯಾ ಅಂತ ನೋಡಿ ಉತ್ತರ ಕೊಡುತ್ತಾರೆ. ನೀವು ಕೇಳಬೇಕಾದದ್ದು ಆಫರ್ ಅಲ್ಲ. ‘ನೀವು ಮಾಡಲೇಬೇಕಾದ ರಿವ್ಯೂ ಮಾಡಿದ್ದೀರಾ?’ ಅಂತ. ಆದರೆ ಅದಕ್ಕೂ ಮೊದಲು ನಿಮ್ಮ ದರ ಏಕೆ ಏರಿತು ಅನ್ನುವುದು ನಿಮಗೇ ಖಚಿತವಾಗಿ ಗೊತ್ತಿರಬೇಕು. ಎಲ್ಲವೂ ಅದರ ಮೇಲೆ ನಿಂತಿದೆ.

ಅಮೆರಿಕದಲ್ಲಿ ಹೆಚ್ಚಿನ ಕಾರ್ಡುಗಳ ದರ ‘ಪ್ರೈಮ್ ರೇಟ್’ (ಬ್ಯಾಂಕುಗಳು ಸಾಲಕ್ಕೆ ಆಧಾರವಾಗಿ ಇಟ್ಟುಕೊಳ್ಳುವ ಮೂಲ ದರ) ಜೊತೆ ಕಟ್ಟಿಕೊಂಡಿರುತ್ತದೆ. ಪ್ರೈಮ್ ಮೇಲೆ ಇಷ್ಟು ಪರ್ಸೆಂಟ್ ಅಂತ ನಿಮ್ಮ ಒಪ್ಪಂದದಲ್ಲೇ ಬರೆದಿರುತ್ತದೆ. 2022ರ ಮಾರ್ಚ್‌ನಿಂದ 2023ರ ಜುಲೈವರೆಗೆ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ತನ್ನ ದರ ಏರಿಸುತ್ತಾ ಹೋಯಿತು. ಅದರ ಜೊತೆಗೇ ಪ್ರೈಮ್ 3.25%ನಿಂದ 8.50%ಗೆ ಬಂತು. ಆಗ ಲಕ್ಷಾಂತರ ಜನರ ಕಾರ್ಡಿನ ಬಡ್ಡಿ ತಾನಾಗಿಯೇ 5.25 ಪಾಯಿಂಟ್ ಮೇಲೆ ಹೋಯಿತು. ಇಂಥ ಏರಿಕೆಗೆ ಬ್ಯಾಂಕ್ ಮುಂಚಿತ ನೋಟಿಸ್ ಕೊಡಬೇಕಿಲ್ಲ, 6 ತಿಂಗಳಿಗೊಮ್ಮೆ ಮತ್ತೆ ನೋಡಬೇಕಿಲ್ಲ. ಪ್ರೈಮ್ ಇಳಿದರೆ ಇಳಿಯುತ್ತದೆ, ಅಷ್ಟೇ. 2024ರ ಸೆಪ್ಟೆಂಬರ್‌ನಿಂದ ಇಳಿಯಲು ಶುರುವಾಗಿ ವರ್ಷದ ಕೊನೆಗೆ ಅದು 7.50% ಆಯಿತು. ನಿಮ್ಮ ಹಳೆಯ ಸ್ಟೇಟ್‌ಮೆಂಟುಗಳನ್ನು ತೆಗೆದು ನೋಡಿ, ದರ ಅರ್ಧ, ಕಾಲು ಪಾಯಿಂಟ್ ಆಗಿ ಇಳಿದಿದ್ದರೆ ಅದು ಪ್ರೈಮ್ ಇಳಿದದ್ದು, ಬ್ಯಾಂಕ್ ನಿಮ್ಮ ಮೇಲೆ ಕರುಣೆ ತೋರಿಸಿದ್ದಲ್ಲ.

ನಿಮ್ಮದು ಹಾಗಲ್ಲ ಅನ್ನಿಸುತ್ತದೆ. ಒಂದೇ ಸಲ 8 ಪಾಯಿಂಟ್ ಏರಿದೆ, ಅದೂ ತಡವಾದ ಮೇಲೆ. ಅಂದರೆ ಬ್ಯಾಂಕೇ ನಿರ್ಧಾರ ಮಾಡಿ ಏರಿಸಿದ್ದು. ಹಾಗೆ ಏರಿಸುವಾಗ ಅವರು 45 ದಿನ ಮುಂಚೆ ನಿಮಗೆ ನೋಟಿಸ್ ಕೊಟ್ಟಿರಲೇಬೇಕು. ಆ ನೋಟಿಸ್‌ನಲ್ಲಿ ಏಕೆ ಏರಿಸುತ್ತಿದ್ದೇವೆ ಅಂತ ಮುಖ್ಯ ಕಾರಣಗಳನ್ನು ಬರೆದಿರಬೇಕು. 4ಕ್ಕಿಂತ ಹೆಚ್ಚು ಕಾರಣ ಹಾಕುವಂತಿಲ್ಲ, ಮುಖ್ಯವಾದದ್ದು ಮೊದಲು ಬರಬೇಕು. ಆ ಕಾಗದ ಹುಡುಕಿ. ಇಮೇಲಿನಲ್ಲಿ ಬಂದಿರಬಹುದು, ಬ್ಯಾಂಕಿನ ಸೈಟಿನಲ್ಲಿ ‘ಡಾಕ್ಯುಮೆಂಟ್ಸ್’ ಅನ್ನುವ ಕಡೆ ಕೂತಿರಬಹುದು. ನಿಮ್ಮ ಕೈಯಲ್ಲಿರುವ ದೊಡ್ಡ ಸಾಕ್ಷಿ ಅದೇ.

ನನ್ನ ಕಥೆ ಇಲ್ಲಿ ಹೇಳಬೇಕು. ನಾನಿರುವುದು ನ್ಯೂಜೆರ್ಸಿಯಲ್ಲಿ. ಅಮ್ಮನಿಗೆ ಹುಷಾರಿಲ್ಲದೆ ಶಿವಮೊಗ್ಗಕ್ಕೆ ಓಡಿದ ವರ್ಷ ಅದು. ಹೊರಡುವ ಮುಂಚೆ ಚೆಕಿಂಗ್ ಅಕೌಂಟ್ ಬೇರೆ ಬ್ಯಾಂಕಿಗೆ ಬದಲಾಯಿಸಿದ್ದೆ. ಕಾರ್ಡಿನ ಆಟೊಪೇ ಹಳೆಯ ಅಕೌಂಟಿಗೇ ಜೋಡಿಸಿಕೊಂಡಿತ್ತು. ಒಂದು ತಿಂಗಳ ಪೇಮೆಂಟ್ ವಾಪಸ್ ಬಂತು, ಮುಂದಿನದೂ ತಡವಾಯಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಹೇಗೋ ಎರಡನ್ನೂ ಕಟ್ಟಿದೆ. ಮುಗೀತು ಅಂದುಕೊಂಡೆ. ಮಾರ್ಚ್ 1ಕ್ಕೆ ಬ್ಯಾಂಕಿನಿಂದ ‘ನಿಮ್ಮ ಖಾತೆಯಲ್ಲಿ ಮುಖ್ಯ ಬದಲಾವಣೆ’ ಅಂತ ಒಂದು ಮೇಲ್ ಬಂದಿತ್ತು. ಅಂಥ ಮೇಲನ್ನು ಯಾರು ತೆಗೆದು ನೋಡುತ್ತಾರೆ ಹೇಳಿ. ನಾನೂ ನೋಡಲಿಲ್ಲ.

ವಾಪಸ್ ಬಂದು ಮಾರ್ಚ್ 20ಕ್ಕೆ ಹೊಸ ಫ್ರಿಜ್ ತಗೊಂಡೆವು. ಜೂನ್ ಸ್ಟೇಟ್‌ಮೆಂಟ್ ಅಡುಗೆಮನೆ ಮೇಜಿನ ಮೇಲೆ ಇಟ್ಟುಕೊಂಡು ಕೂತಾಗಲೇ ಗೊತ್ತಾದದ್ದು. ಕೊನೆಯ ಪುಟದ ಬಡ್ಡಿ ಲೆಕ್ಕದ ಪಟ್ಟಿಯಲ್ಲಿ ‘ಪರ್ಚೇಸಸ್’ ಅಂತ ಎರಡು ಸಾಲು ಇದ್ದವು. ಒಂದರ ಮುಂದೆ 15.24%, ಇನ್ನೊಂದರ ಮುಂದೆ 23.24%. ಹಳೆಯ ಬಾಕಿ ಮೊದಲನೆಯ ಸಾಲಿನಲ್ಲಿ, ಫ್ರಿಜ್ ಎರಡನೆಯದರಲ್ಲಿ. ಒಂದೇ ಕಾರ್ಡಿಗೆ ಎರಡು ಬಡ್ಡಿ ಇರುತ್ತದೆ ಅಂತ ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ.

ಇದು ಹೀಗೆ. ನೋಟಿಸ್ ಕೊಟ್ಟ ದಿನದಿಂದ 14 ದಿನದ ಒಳಗೆ ಖರೀದಿಸಿದ್ದಕ್ಕೆ ಹಳೆಯ ದರವೇ. 14 ದಿನ ದಾಟಿದ ಮೇಲೆ ಖರೀದಿಸಿದ್ದಕ್ಕೆ, 45 ದಿನ ಮುಗಿದ ನಂತರ ಹೊಸ ದರ ಹಿಡಿಯುತ್ತದೆ. ಮಾರ್ಚ್ 1ರ ನೋಟಿಸ್ ಅಂದರೆ ಮಾರ್ಚ್ 15ರವರೆಗಿನದು ಹಳೆಯ ಲೆಕ್ಕ. ನಮ್ಮ ಫ್ರಿಜ್ 5 ದಿನ ಮುಂಚೆ ಬಂದಿದ್ದರೆ ಉಳಿದುಕೊಳ್ಳುತ್ತಿತ್ತು! ಏಪ್ರಿಲ್ 15ರಿಂದ ಅದಕ್ಕೆ ಹೊಸ ದರ ಬಿತ್ತು.

ಹಳೆಯ ಬಾಕಿಗೆ ಹಳೆಯ ದರ ಅನ್ನುವ ರಕ್ಷಣೆ ಸುಮ್ನೆ ಬಂದದ್ದಲ್ಲ. ಮೊದಲೆಲ್ಲ ಬೇರೆ ಯಾವುದೋ ಸಾಲದ ಕಂತು ತಡವಾದರೂ ಸಾಕು, ನಿಮ್ಮ ಕಾರ್ಡಿನ ಇಡೀ ಬಾಕಿಗೆ ಬಡ್ಡಿ ಏರಿಸುತ್ತಿದ್ದರು. ನಿನ್ನೆ 12%ಗೆ ತಗೊಂಡ ವಸ್ತುವಿಗೆ ಇವತ್ತು 29% ಕಟ್ಟಿ ಅನ್ನುವುದು ಯಾವ ನ್ಯಾಯ? ಜನ ಬಹಳ ಒದ್ದಾಡಿದ ಮೇಲೆ ಕಾರ್ಡ್ ಆಕ್ಟ್ ಬಂತು. 2009ರ ಮೇ 22ರಂದು ಅಧ್ಯಕ್ಷ ಒಬಾಮಾ ಸಹಿ ಹಾಕಿದರು. 45 ದಿನದ ನೋಟಿಸ್ ಆ ವರ್ಷದ ಆಗಸ್ಟ್‌ನಲ್ಲೇ ಶುರುವಾಯಿತು. ಹಳೆಯ ಬಾಕಿ ಮುಟ್ಟಬಾರದು, ಕಾರ್ಡ್ ತೆಗೆದುಕೊಂಡ ಮೊದಲ ವರ್ಷ ದರ ಏರಿಸಬಾರದು ಅನ್ನುವುದೆಲ್ಲ 2010ರ ಫೆಬ್ರವರಿ 22ರಿಂದ. ನೀವು ಕೇಳುತ್ತಿರುವ 6 ತಿಂಗಳ ರಿವ್ಯೂ 2010ರ ಆಗಸ್ಟ್ 22ರಿಂದ. ಕಾನೂನು ಬರುತ್ತಿದೆ ಅಂತ ಗೊತ್ತಾಗಿ ಬ್ಯಾಂಕುಗಳು ಮುಂಚೆಯೇ ದರ ಏರಿಸಿಕೊಂಡರೆ? ಅದಕ್ಕೂ ದಾರಿ ಮುಚ್ಚಿದ್ದಾರೆ. 2009ರ ಜನವರಿ 1ರಿಂದ ಆದ ಏರಿಕೆಗಳೆಲ್ಲ ಈ ರಿವ್ಯೂ ಒಳಗೆ ಬರುತ್ತವೆ. ಇದನ್ನು ಬರೆದವರ ಮೇಲೆ ನನಗೆ ಗೌರವವಿದೆ.

ಈಗ ನಿಮ್ಮ ವಿಷಯ. ಇದು ಇರುವುದು ರೆಗ್ಯುಲೇಷನ್ ಝಡ್ ಅನ್ನುವ ನಿಯಮಾವಳಿಯಲ್ಲಿ, 1026.59ನೇ ಸೆಕ್ಷನ್. ಈ ನಂಬರ್ ಬರೆದಿಟ್ಟುಕೊಳ್ಳಿ. ಬ್ಯಾಂಕ್ ನಿಮ್ಮ ದರ ಏರಿಸಿದ ಮೇಲೆ ಕನಿಷ್ಠ 6 ತಿಂಗಳಿಗೊಮ್ಮೆ ಆ ಏರಿಕೆ ಇನ್ನೂ ಸರಿಯಾ ಅಂತ ನೋಡಬೇಕು. ನೋಡಲು ಎರಡು ಅಳತೆಗೋಲು ಕೊಟ್ಟಿದ್ದಾರೆ. ಒಂದು, ಏರಿಸುವಾಗ ಯಾವ ಕಾರಣ ನೋಡಿದ್ದರೋ ಅದೇ ಕಾರಣಗಳು. ಇನ್ನೊಂದು, ಇವತ್ತು ಇದೇ ತರಹದ ಕಾರ್ಡಿಗೆ ಹೊಸ ಗಿರಾಕಿ ಬಂದರೆ ಯಾವ ಅಂಶ ನೋಡಿ ದರ ಹಾಕುತ್ತಾರೋ ಅದು. ಇಳಿಸುವುದು ಸರಿ ಅಂತ ಕಂಡರೆ ರಿವ್ಯೂ ಮುಗಿದ 45 ದಿನದ ಒಳಗೆ ಇಳಿಸಬೇಕು. ದರ ಹಳೆಯ ಮಟ್ಟಕ್ಕೆ ಬರುವವರೆಗೂ ಈ ಕೆಲಸ ಮುಗಿಯುವುದಿಲ್ಲ. ಪ್ರತಿ 6 ತಿಂಗಳಿಗೂ ಮತ್ತೆ ಮತ್ತೆ ಮಾಡುತ್ತಿರಬೇಕು. ನಿಮ್ಮ ಲೆಕ್ಕದಲ್ಲಿ 2 ವರ್ಷಕ್ಕೆ 4 ಸಲ ಆಗಿರಬೇಕು.

ಒಂದು ವಿಷಯ ಮಾತ್ರ ಮನಸ್ಸಿನಲ್ಲಿರಲಿ. ಹಳೆಯ ದರಕ್ಕೇ ವಾಪಸ್ ತನ್ನಿ ಅಂತ ಕಾನೂನು ಹೇಳುವುದಿಲ್ಲ. ಇಷ್ಟೇ ಇಳಿಸಬೇಕು ಅಂತಲೂ ಇಲ್ಲ. ಮತ್ತೆ, ರಿವ್ಯೂ ಮಾಡಿ ಇಳಿಸದಿದ್ದರೆ ಅದನ್ನು ನಿಮಗೆ ತಿಳಿಸಬೇಕು ಅಂತಲೂ ಇಲ್ಲ. ನನಗೆ ತುಂಬಾ ಬೇಸರ ತರುವುದು ಇದೇ. ಏರಿಸುವಾಗ ಕಾರಣ ಹೇಳಬೇಕು, ಇಳಿಸದೆ ಬಿಟ್ಟಾಗ ಹೇಳಬೇಕಿಲ್ಲ. ಹಾಗಾಗಿ ಮಾಡಿದ್ದಾರೋ ಬಿಟ್ಟಿದ್ದಾರೋ ಹೊರಗಿನಿಂದ ಕಾಣುವುದಿಲ್ಲ. ಕೇಳಿದರೇ ಗೊತ್ತಾಗುವುದು.

ಬಿಡುತ್ತಾರಾ ಅಂತ ಅನುಮಾನವಿದ್ದರೆ ಇದನ್ನು ನೋಡಿ. 2018ರ ಜೂನ್‌ನಲ್ಲಿ ಗ್ರಾಹಕರ ಹಣಕಾಸು ರಕ್ಷಣೆಯ ಸರ್ಕಾರಿ ಸಂಸ್ಥೆ ಸಿಎಫ್‌ಪಿಬಿ, ಸಿಟಿಬ್ಯಾಂಕ್ ಮೇಲೆ ಇದೇ ವಿಷಯಕ್ಕೆ ಆದೇಶ ಹೊರಡಿಸಿತು. ಸುಮಾರು 17.5 ಲಕ್ಷ ಖಾತೆಗಳ ದರವನ್ನು ನಿಯಮದ ಪ್ರಕಾರ ಮತ್ತೆ ನೋಡಿ ಇಳಿಸಿರಲಿಲ್ಲ ಅಂತ. ಗ್ರಾಹಕರಿಗೆ 33.5 ಕೋಟಿ ಡಾಲರ್ ವಾಪಸ್ ಕೊಡಬೇಕಾಯಿತು. ಬ್ಯಾಂಕ್ ತಾನೇ ಮುಂದೆ ಬಂದು ತಪ್ಪು ಹೇಳಿಕೊಂಡದ್ದರಿಂದ ಬೇರೆ ದಂಡ ಹಾಕಲಿಲ್ಲ. ಅಷ್ಟು ದೊಡ್ಡ ಬ್ಯಾಂಕಿನ ಒಳಗೇ ಹೀಗೆ ತಪ್ಪಿಹೋಗಬಹುದು ಅಂದರೆ, ನೀವು ಒಂದು ಪತ್ರ ಬರೆದು ಕೇಳುವುದರಲ್ಲಿ ಸಂಕೋಚ ಬೇಡ.

ನಾನು ಬರೆದದ್ದು ಅರ್ಧ ಪುಟ. ಬ್ಯಾಂಕಿನ ಸೈಟಿಗೆ ಲಾಗಿನ್ ಆಗಿ ಸೆಕ್ಯೂರ್ ಮೆಸೇಜ್ ಕಳಿಸಿದೆ, ಅದನ್ನೇ ಪ್ರಿಂಟ್ ತೆಗೆದು ಅಂಚೆಯಲ್ಲೂ ಹಾಕಿದೆ. ಇಂಥ ದಿನ ನೋಟಿಸ್ ಬಂತು, ಕಾರಣ ತಡ ಪಾವತಿ ಅಂತ ಬರೆದಿದ್ದೀರಿ, ಅಂದಿನಿಂದ 18 ತಿಂಗಳು ಒಂದೂ ತಡವಾಗಿಲ್ಲ, 1026.59ರ ಪ್ರಕಾರ ನನ್ನ ಖಾತೆಯ ರಿವ್ಯೂ ಯಾವಾಗ ಆಯಿತು, ಫಲ ಏನು, ದಯವಿಟ್ಟು ಬರವಣಿಗೆಯಲ್ಲಿ ತಿಳಿಸಿ. ಇಷ್ಟೇ. ಸಿಟ್ಟು, ಬೆದರಿಕೆ ಏನೂ ಇರಲಿಲ್ಲ. 3 ವಾರಕ್ಕೆ ಉತ್ತರ ಬಂತು. ಖಾತೆ ಪರಿಶೀಲಿಸಿ ದರ 17.24%ಗೆ ಇಳಿಸಿದ್ದೇವೆ ಅಂತ. ಹಿಂದಿನ ರಿವ್ಯೂಗಳ ಬಗ್ಗೆ ಒಂದಕ್ಷರ ಇರಲಿಲ್ಲ. ಇನ್ನೂ 2 ಪಾಯಿಂಟ್ ಜಾಸ್ತಿ ಇತ್ತು, ಆದರೂ ಆ ಕಾಗದ ಹಿಡಿದು ನಾನೂ ನನ್ನ ಗಂಡನೂ ಒಳ್ಳೆ ಕಾಫಿ ಮಾಡಿಕೊಂಡು ಕುಡಿದೆವು.

ನಿಮ್ಮ ಬಾಕಿ 6,000 ಡಾಲರ್ ಅಂತ ಬರೆದಿದ್ದೀರಿ. 28%ಗೆ ತಿಂಗಳಿಗೆ ಸುಮಾರು 140 ಡಾಲರ್ ಬಡ್ಡಿಗೇ ಹೋಗುತ್ತದೆ. 20% ಆದರೆ 100. ತಿಂಗಳಿಗೆ 40 ಡಾಲರ್ ಅಂದರೆ ಒಂದು ವಾರದ ತರಕಾರಿ ಹಾಲು. ಬಿಡುವ ಮೊತ್ತವಲ್ಲ.

ಇನ್ನೊಂದು ನೋಡಬೇಕು. ತಡವಾದದ್ದು ಡ್ಯೂ ಡೇಟ್ ಆಗಿ 60 ದಿನ ದಾಟಿತ್ತಾ? ದಾಟಿದ್ದರೆ ಬ್ಯಾಂಕ್ ಹಳೆಯ ಬಾಕಿಗೂ ದರ ಏರಿಸಬಹುದು, ಅದೊಂದು ವಿನಾಯಿತಿ. ಆದರೆ ಆಗ ನಿಮಗೆ ಇನ್ನೂ ಗಟ್ಟಿ ಹಕ್ಕಿದೆ. ಏರಿದ ದರ ಜಾರಿಗೆ ಬಂದ ಮೇಲಿನ ಮೊದಲ ಬಿಲ್‌ನಿಂದ ಶುರುಮಾಡಿ 6 ಬಿಲ್‌ಗಳ ಮಿನಿಮಮ್ (ಆ ಬಿಲ್‌ಗೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಅನ್ನು ಒಂದೂ ತಪ್ಪದೆ ಸಮಯಕ್ಕೆ ಕಟ್ಟಿದ್ದರೆ, ಆ ಹಳೆಯ ಬಾಕಿಗೆ ದರ ಇಳಿಸಲೇಬೇಕು. ಇಲ್ಲಿ ರಿವ್ಯೂ, ಅಳತೆಗೋಲು ಏನೂ ಇಲ್ಲ. ಆ 6ರಲ್ಲಿ ಒಂದು ತಪ್ಪಿದ್ದರೆ ಈ ದಾರಿ ಮುಚ್ಚಿತು, ಆಗ 1026.59 ಒಂದೇ.

ಉತ್ತರ ಬರುವವರೆಗೆ ಒಂದು ಕೆಲಸ ಮಾಡಿ. ಸ್ಟೇಟ್‌ಮೆಂಟಿನಲ್ಲಿ ನಿಮಗೂ ಎರಡು ದರ ಕಾಣುತ್ತಿದ್ದರೆ ಮಿನಿಮಮ್‌ಗಿಂತ ಸ್ವಲ್ಪವಾದರೂ ಜಾಸ್ತಿ ಕಟ್ಟಿ. ಮಿನಿಮಮ್ ಹಣವನ್ನು ಬ್ಯಾಂಕ್ ಕಡಿಮೆ ಬಡ್ಡಿಯ ಬಾಕಿಗೆ ಹಾಕಿಕೊಳ್ಳಬಹುದು. ಅದರ ಮೇಲಿನ ಹಣ ಮಾತ್ರ ಹೆಚ್ಚು ಬಡ್ಡಿಯ ಬಾಕಿಗೆ ಮೊದಲು ಹೋಗಬೇಕು ಅಂತ ನಿಯಮ. ಅದೇ ಸ್ಟೇಟ್‌ಮೆಂಟಿನಲ್ಲಿ ಒಂದು ಚಿಕ್ಕ ಚೌಕವೂ ಇರುತ್ತದೆ, ಬರೀ ಮಿನಿಮಮ್ ಕಟ್ಟಿದರೆ ಸಾಲ ತೀರಲು ಎಷ್ಟು ವರ್ಷ, 36 ತಿಂಗಳಲ್ಲಿ ತೀರಿಸಲು ತಿಂಗಳಿಗೆ ಎಷ್ಟು ಅಂತ. ಅದೂ ಕಾರ್ಡ್ ಆಕ್ಟ್ ಕೊಟ್ಟದ್ದೇ. ಒಮ್ಮೆ ಓದಿ, ಎದೆ ಧಸಕ್ ಅನ್ನುತ್ತದೆ, ಆದರೆ ಓದಿ.

ಬ್ಯಾಂಕ್ ಉತ್ತರ ಕೊಡದಿದ್ದರೆ ಅಥವಾ ಮತ್ತೆ ‘ಆಫರ್ ಇಲ್ಲ’ ಅಂತಲೇ ಬರೆದರೆ ಸಿಎಫ್‌ಪಿಬಿ ಸೈಟಿನಲ್ಲಿ ದೂರು ಕೊಡಿ, ನೋಟಿಸ್ ಮತ್ತು ನಿಮ್ಮ ಪತ್ರ ಎರಡನ್ನೂ ಅಪ್‌ಲೋಡ್ ಮಾಡಿ.

ಒಂದು ಎಚ್ಚರಿಕೆ: ಇದೆಲ್ಲ ವೈಯಕ್ತಿಕ ಕಾರ್ಡಿಗೆ. ನಮ್ಮವರು ಎಷ್ಟೋ ಜನ ಸಣ್ಣ ಕನ್ಸಲ್ಟಿಂಗ್ ಕಂಪನಿ ಮಾಡಿಕೊಂಡು ಬಿಸಿನೆಸ್ ಕಾರ್ಡ್ ಇಟ್ಟುಕೊಂಡಿರುತ್ತಾರೆ. ಅದಕ್ಕೆ ಈ ರಕ್ಷಣೆ ಅನ್ವಯಿಸುವುದಿಲ್ಲ. ಬೆಂಗಳೂರಿನಲ್ಲಿರುವ ನನ್ನ ತಂಗಿಯೂ ಇದನ್ನು ಕೇಳಿ ‘ನಮಗೂ ಇದೆಯಾ ಅಕ್ಕ?’ ಅಂದಳು. ಭಾರತದ ರಿಸರ್ವ್ ಬ್ಯಾಂಕಿನ ಕಾರ್ಡ್ ನಿಯಮಗಳಲ್ಲಿ ಶುಲ್ಕ ಬದಲಿಸಲು 1 ತಿಂಗಳು ಮುಂಚೆ ತಿಳಿಸಬೇಕು, ವರ್ಷದ ಲೆಕ್ಕದ ದರ ತೋರಿಸಬೇಕು ಅಂತ ಇದೆ, ಏರಿಸಿದ ದರವನ್ನು 6 ತಿಂಗಳಿಗೊಮ್ಮೆ ನೋಡಬೇಕು ಅನ್ನುವುದು ಇಲ್ಲ. ತಿಂಗಳಿಗೆ 3.5% ಅಂದಾಗ ಚಿಕ್ಕದಾಗಿ ಕಾಣುತ್ತದೆ, ವರ್ಷಕ್ಕೆ ಅದು 42% ಆಗುತ್ತದೆ ಅಂತ ಅವಳಿಗೆ ಹೇಳಿದೆ.

ನಿಮ್ಮ ನೋಟಿಸ್ ಸಿಕ್ಕಿದ ಮೇಲೆ ಅದರಲ್ಲಿರುವ ಕಾರಣಗಳನ್ನು ಅದೇ ಕ್ರಮದಲ್ಲಿ ಕೆಳಗೆ ಬರೆಯಿರಿ. ಹೆಸರು, ಖಾತೆ ನಂಬರ್ ಬೇಡ. ಪತ್ರದಲ್ಲಿ ಯಾವುದನ್ನು ಮುಂದಿಡಬೇಕು ಅಂತ ಸೇರಿ ನೋಡೋಣ.