ಐಟಿಐ ಮುಗಿಸಿ ಗ್ಯಾರೇಜ್ ಸೇರುವವರು ಮೊದಲು ಯಾವ ಟೂಲ್ಸ್ ಕೊಳ್ಳಬೇಕು?

ನಿಮ್ಮ ಪ್ರಶ್ನೆ ಇಷ್ಟು: ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ಮುಗಿಸಿದ್ದೀರಿ. ಮುಂದಿನ ತಿಂಗಳು ಹಾಸನದ ಒಂದು ಕಾರ್ ಗ್ಯಾರೇಜ್ ಸೇರುತ್ತಿದ್ದೀರಿ. ಸ್ಪ್ಯಾನರ್, ಸಾಕೆಟ್ ಎಲ್ಲ ನಿಮ್ಮದೇ ತರಬೇಕು ಅಂದಿದ್ದಾರೆ. ಕೈಯಲ್ಲಿ ಹತ್ತು ಸಾವಿರ ರೂಪಾಯಿ ಇದೆ. ಆನ್‌ಲೈನ್‌ನಲ್ಲಿ ನೋಡಿದ ಇನ್ನೂರು ಚಿಲ್ಲರೆ ಪೀಸಿನ ಪೆಟ್ಟಿಗೆ ತೆಗೆದುಕೊಳ್ಳಲೋ, ಬಿಡಿಬಿಡಿಯಾಗಿ ಕೊಳ್ಳಲೋ ಅಂತ ಕೇಳಿದ್ದೀರಿ.

ಬಿಡಿಬಿಡಿಯಾಗಿ ಕೊಳ್ಳಿ. ನಾನು ತುಮಕೂರಿನಲ್ಲಿ ಗ್ಯಾರೇಜ್ ನಡೆಸುತ್ತೇನೆ. ನಿಮ್ಮ ಹಾಗೆ ಹೊಸದಾಗಿ ಬರುವ ಹುಡುಗರಿಗೆ ಇದನ್ನೇ ಹೇಳುತ್ತೇನೆ. ಆ ದೊಡ್ಡ ಪೆಟ್ಟಿಗೆಯ ಪಟ್ಟಿಯನ್ನು ಒಮ್ಮೆ ಕೂತು ಓದಿ. ಅರ್ಧದಷ್ಟು ಬರೀ ಸ್ಕ್ರೂಡ್ರೈವರ್ ಬಿಟ್‌ಗಳಿರುತ್ತವೆ. ಉಳಿದದ್ದರಲ್ಲಿ ಒಂದಷ್ಟು ಇಂಚಿನ ಸಾಕೆಟ್. ಹಳೇ ಜೀಪ್ ಬಿಟ್ಟರೆ ಈಗ ನಿಮ್ಮ ಕೈಗೆ ಬರುವ ಕಾರುಗಳಿಗೆ ಇಂಚಿನ ಸೈಜ್ ಬೇಕಾಗುವುದೇ ಇಲ್ಲ, ಎಲ್ಲ ಮಿಲಿಮೀಟರ್. ದಿನಾ ಕೈಗೆ ಬೇಕಾದದ್ದು ಹದಿನೈದು ಇಪ್ಪತ್ತು ಸಾಮಾನು. ಅವನ್ನೇ ಗಟ್ಟಿಯಾದದ್ದು ತೆಗೆದುಕೊಳ್ಳಿ.

ಮೊದಲು ಸೈಜ್ ವಿಷಯ. ಇದು ಅರ್ಥವಾದರೆ ಅರ್ಧ ದುಡ್ಡು ಉಳಿಯುತ್ತದೆ. 6 ಮಿಲಿಮೀಟರ್ ದಪ್ಪದ ಬೋಲ್ಟಿಗೆ ತಲೆ 10. ಇದು ಹೆಚ್ಚುಕಡಿಮೆ ಎಲ್ಲ ಕಾರಿನಲ್ಲೂ ಒಂದೇ. 8ರ ಬೋಲ್ಟಿಗೆ ಬಂದರೆ ದಾರಿ ಎರಡಾಗುತ್ತದೆ. ಜಪಾನ್ ಪದ್ಧತಿಯಲ್ಲಿ ತಲೆ 12, ಯುರೋಪ್ ಪದ್ಧತಿಯಲ್ಲಿ 13. 10ರ ಬೋಲ್ಟಿಗೆ ಜಪಾನ್ ಪದ್ಧತಿಯಲ್ಲಿ 14, ಯುರೋಪ್ ಪದ್ಧತಿಯಲ್ಲಿ 16. 12ರ ಬೋಲ್ಟಿಗೆ ಜಪಾನ್ 17, ಯುರೋಪ್ 18. ಹಾಗಾಗಿ ಮಾರುತಿ, ಟೊಯೋಟ, ಹೋಂಡಾ ಜಾಸ್ತಿ ಬರುವ ಗ್ಯಾರೇಜ್‌ನಲ್ಲಿ 10, 12, 14, 17, 19 ಇವೇ ದಿನವಿಡೀ ಓಡುತ್ತವೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಬರುವ ಕಡೆ 13, 16, 18 ಇಲ್ಲದೆ ಕೈ ಕಟ್ಟಿಹಾಕಿದಂತೆ. ಜೊತೆಗೆ ನಕ್ಷತ್ರದ ಆಕಾರದ ಟಾರ್ಕ್ಸ್ ಬಿಟ್ ಕೂಡ ಬೇಕು. ಆದ್ದರಿಂದ ದುಡ್ಡು ಬಿಚ್ಚುವ ಮೊದಲು ಆ ಗ್ಯಾರೇಜಿಗೆ ಒಂದು ದಿನ ಹೋಗಿ ನಿಂತು ನೋಡಿ. ಯಾವ ಕಾರುಗಳು ಒಳಗೆ ನಿಂತಿವೆ? ಹಿರಿಯ ಮೆಕ್ಯಾನಿಕ್ ಕೈಯಲ್ಲಿ ಪದೇ ಪದೇ ಯಾವ ನಂಬರ್ ಕಾಣುತ್ತದೆ? ಅದೇ ನಿಮ್ಮ ಪಟ್ಟಿ.

ಮೊದಲ ಖರೀದಿ, 6ರಿಂದ 22ರವರೆಗಿನ ಕಾಂಬಿನೇಶನ್ ಸ್ಪ್ಯಾನರ್ ಸೆಟ್. ಒಂದು ಕಡೆ ಬಾಯಿ, ಇನ್ನೊಂದು ಕಡೆ ರಿಂಗ್, ಎರಡೂ ಒಂದೇ ಸೈಜ್. ರಿಂಗ್ ಕಡೆಯಿಂದ ಬಿಚ್ಚಿ, ಬಾಯಿ ಕಡೆಯಿಂದ ಬೇಗ ಬೇಗ ತಿರುಗಿಸಬಹುದು. ನಮ್ಮ ಕಡೆ ಹಳಬರು ಇಟ್ಟುಕೊಳ್ಳುವ 10-11, 12-13, 14-15 ಅಂತ ಜೋಡಿ ಬಾಯಿಯ ಸ್ಪ್ಯಾನರ್‌ಗಳಲ್ಲಿ 11, 15ರ ಕಡೆ ಸುಮ್ನೆ ತೂಕ. ಅವನ್ನು ಆಮೇಲೆ ಬೇಕಾದರೆ ನೋಡಿಕೊಳ್ಳಿ.

ಎರಡನೆಯದು ಅರ್ಧ ಇಂಚು ಡ್ರೈವಿನ ಸಾಕೆಟ್ ಸೆಟ್. ಡ್ರೈವ್ ಅಂದರೆ ಸಾಕೆಟ್ಟಿಗೆ ಹಿಡಿ ಸೇರುವ ಚೌಕ, ಅದರ ಅಳತೆ ಮಾತ್ರ ಇಂಚಿನಲ್ಲೇ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ: ಆರು ಮೂಲೆಯ ಸಾಕೆಟ್ಟೇ ಬೇಕು ಅಂತ ಅಂಗಡಿಯವರಿಗೆ ಹೇಳಿ. ಸುಮ್ಮನೆ ಸೆಟ್ ಕೊಡಿ ಅಂದರೆ ಹನ್ನೆರಡು ಮೂಲೆಯದೇ ಕೈಗೆ ಬರುವುದು ಜಾಸ್ತಿ. ಹನ್ನೆರಡು ಮೂಲೆಯದು ಬೋಲ್ಟ್ ತಲೆಯನ್ನು ಅದರ ಚೂಪು ಅಂಚಿನ ಪಕ್ಕದಲ್ಲೇ ಹಿಡಿಯುತ್ತದೆ. ಆರು ಮೂಲೆಯದು ಅಂಚಿನಿಂದ ಸ್ವಲ್ಪ ಒಳಗೆ, ಚಪ್ಪಟೆ ಭಾಗಕ್ಕೆ ಒತ್ತುತ್ತದೆ. ಹೊಸ ಬೋಲ್ಟಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ತುಕ್ಕು ಹಿಡಿದದ್ದರಲ್ಲಿ ಗೊತ್ತಾಗುತ್ತದೆ.

ಕರಾವಳಿಯಲ್ಲಿ ಓಡಿದ ಕಾರುಗಳು ನಮ್ಮಲ್ಲಿಗೆ ಆಗಾಗ ಬರುತ್ತವೆ. ಉಪ್ಪು ಗಾಳಿಗೆ ಸೈಲೆನ್ಸರ್ ಜಾಯಿಂಟಿನ ಬೋಲ್ಟ್‌ಗಳು ಪದರ ಪದರವಾಗಿ ಎದ್ದಿರುತ್ತವೆ. ಹಾಗೆ ಒಂದು ಬಂದಿತ್ತು. ಬೇರೆಲ್ಲೋ ಯಾರೋ ಬಿಚ್ಚಲು ನೋಡಿ ಬಿಟ್ಟಿದ್ದರು. ಎರಡು ಬೋಲ್ಟಿನ ತಲೆ ಪೂರ್ತಿ ದುಂಡಗಾಗಿತ್ತು. ಅಂಚುಗಳಲ್ಲಿ ಸಣ್ಣ ಸಣ್ಣ ಕಚ್ಚುಗಳು, ಹನ್ನೆರಡು ಮೂಲೆಯ ಸಾಕೆಟ್ ಜಾರಿದ ಗುರುತು. ಕೊನೆಗೆ ಆ ತಲೆಗಳ ಮೇಲೆ ಒಂದೊಂದು ನಟ್ ಇಟ್ಟು ವೆಲ್ಡ್ ಮಾಡಿಸಬೇಕಾಯಿತು. ವೆಲ್ಡಿಂಗ್ ಬಿಸಿಗೆ ತುಕ್ಕು ಸಡಿಲಾಯಿತು, ಮೇಲಿನ ನಟ್ ಹಿಡಿದು ತಿರುಗಿಸಿದರೆ ಬಂತು. ಐದು ನಿಮಿಷದ ಕೆಲಸಕ್ಕೆ ಅರ್ಧ ದಿನ. ಒಳ್ಳೆಯ ಸಾಕೆಟ್ಟಿಗೆ ಕೊಡುವ ದುಡ್ಡು ಎಲ್ಲಿ ವಾಪಸ್ ಬರುತ್ತದೆ ಅಂತ ಕೇಳಿದರೆ, ಇಲ್ಲೇ.

(ಹನ್ನೆರಡು ಮೂಲೆಯದು ಪೂರ್ತಿ ವೇಸ್ಟ್ ಅಂತಲ್ಲ. ರಿಂಗ್ ಸ್ಪ್ಯಾನರ್‌ನಲ್ಲಿ ಅದೇ ಅನುಕೂಲ, ಇಕ್ಕಟ್ಟಿನಲ್ಲಿ 30 ಡಿಗ್ರಿ ತಿರುಗಿಸಿದರೂ ಮತ್ತೆ ಹಿಡಿಯುತ್ತದೆ. ಕೆಲವು ಬೋಲ್ಟ್‌ಗಳ ತಲೆಯೇ ಹನ್ನೆರಡು ಮೂಲೆಯದಿರುತ್ತದೆ, ಅದಕ್ಕೆ ಬೇರೆ ದಾರಿಯಿಲ್ಲ.)

ಅರ್ಧ ಇಂಚಿನ ರ್‍ಯಾಚೆಟ್ಟಿನಲ್ಲೇ (ಸಾಕೆಟ್ ತೆಗೆಯದೆ ಹಿಂದೆ ಮುಂದೆ ಆಡಿಸಿ ತಿರುಗಿಸುವ ಹಿಡಿ) ಎಲ್ಲ ಕೆಲಸ ಮಾಡಲು ಹೋಗಬೇಡಿ. ಟ್ಯಾಪೆಟ್ ಕವರ್, ಏರ್ ಫಿಲ್ಟರ್ ಬಾಕ್ಸ್ ಇವಕ್ಕೆಲ್ಲ ಇರುವುದು 10ರ ತಲೆಯ ಸಣ್ಣ ಬೋಲ್ಟ್. ಸಾಮಾನ್ಯ ಗಟ್ಟಿಯ ಅಂಥ ಬೋಲ್ಟಿಗೆ ಬೇಕಾದ ಬಿಗಿ 10 ನ್ಯೂಟನ್ ಮೀಟರ್ ಆಸುಪಾಸು. 25 ಸೆಂಟಿಮೀಟರ್ ಹಿಡಿಯ ತುದಿಯಲ್ಲಿ ಅದು ಬರೀ 4 ಕೆಜಿ ಬಲ. ಉದ್ದ ಹಿಡಿ ಹಿಡಿದ ಕೈಗೆ ಇದು ಗೊತ್ತೇ ಆಗುವುದಿಲ್ಲ, ಬೋಲ್ಟ್ ಕಟ್ ಆದಮೇಲೆ ಗೊತ್ತಾಗುತ್ತದೆ. ಅದಕ್ಕೇ ಕಾಲು ಇಂಚು ಡ್ರೈವಿನ ಒಂದು ಸಣ್ಣ ರ್‍ಯಾಚೆಟ್, 8, 10, 12, 13ರ ಸಾಕೆಟ್, ಒಂದು ಎಕ್ಸ್‌ಟೆನ್ಶನ್ ತೆಗೆದುಕೊಳ್ಳಿ. ರ್‍ಯಾಚೆಟ್ ಆರಿಸುವಾಗ ಹಲ್ಲು ಕೇಳಿ. 24 ಹಲ್ಲಿನದು ಒಂದು ಕ್ಲಿಕ್ಕಿಗೆ 15 ಡಿಗ್ರಿ ಹಿಂದೆ ಹೋಗಬೇಕು, 72 ಹಲ್ಲಿನದಕ್ಕೆ 5 ಡಿಗ್ರಿ ಸಾಕು. ಡ್ಯಾಶ್‌ಬೋರ್ಡ್ ಕೆಳಗೆ ಕೈ ತೂರಿಸಿ ಕೆಲಸ ಮಾಡುವಾಗ ಅದೇ ದೊಡ್ಡ ವ್ಯತ್ಯಾಸ.

ಬಿಗಿಯಾದ ನಟ್ ಬಿಚ್ಚಲು ರ್‍ಯಾಚೆಟ್ ಬಳಸಬೇಡಿ, ಪೈಪ್ ಹಾಕಿ ಎಳೆಯಲೂ ಬೇಡಿ. ಒಳಗಿನ ಹಲ್ಲು ಹೋಗುತ್ತದೆ. ಅದಕ್ಕೆ ಒಂದು ಬ್ರೇಕರ್ ಬಾರ್, ಅಂದರೆ ಒಳಗೆ ಹಲ್ಲಿಲ್ಲದ ಉದ್ದ ಹಿಡಿ, ಇರಲಿ. ಮೊದಲು ಅದರಲ್ಲಿ ಸಡಿಲ ಮಾಡಿ, ಆಮೇಲೆ ರ್‍ಯಾಚೆಟ್.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಕಟಿಂಗ್ ಪ್ಲೇಯರ್, ನೋಸ್ ಪ್ಲೇಯರ್, ಸಣ್ಣದು ದೊಡ್ಡದು ಸೇರಿ ನಾಲ್ಕು ಸ್ಕ್ರೂಡ್ರೈವರ್, ಅಲೆನ್ ಕೀ ಸೆಟ್, ಅರ್ಧ ಕೆಜಿ ಸುತ್ತಿಗೆ, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ತಲೆಗೆ ಕಟ್ಟಿಕೊಳ್ಳುವ ಲೈಟ್. ಸ್ಪಾರ್ಕ್ ಪ್ಲಗ್ ಸಾಕೆಟ್ 16ರದ್ದು ಸಾಕು. ಹಳೇ ಮಾರುತಿ 800 ಬಂದರೆ 21ರದ್ದು ಬೇಕಾಗುತ್ತದೆ, ಅದು ಗ್ಯಾರೇಜ್‌ನಲ್ಲೇ ಇರುತ್ತದೆ. ಪುಲ್ಲರ್, ಜ್ಯಾಕ್, ಸ್ಕ್ಯಾನರ್ ಎಲ್ಲ ಮಾಲೀಕರದು, ನಿಮ್ಮ ದುಡ್ಡು ಹಾಕಬೇಡಿ. ಆದರೆ ಅಲ್ಲಿ ಜ್ಯಾಕ್ ಸ್ಟ್ಯಾಂಡ್ ಇದೆಯಾ ನೋಡಿಕೊಳ್ಳಿ. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾರು ಹೇಳಿದರೂ ಹೋಗಬೇಡಿ. ಜ್ಯಾಕಿನ ಸೀಲ್ ಹೋಗುವ ಮುಂಚೆ ಹೇಳಿ ಹೋಗುವುದಿಲ್ಲ.

ಎಲ್ಲಿ ಕೊಳ್ಳುವುದು? ಹಾಸನದಲ್ಲೇ ಒಳ್ಳೆ ಹಾರ್ಡ್‌ವೇರ್ ಅಂಗಡಿ ಇದ್ದರೆ ಅಲ್ಲೇ ಕೊಳ್ಳಿ, ತೊಂದರೆ ಬಂದಾಗ ಬದಲಿಸಲು ಹತ್ತಿರ. ಬೆಂಗಳೂರಿಗೆ ಹೋಗುವುದಿದ್ದರೆ ಎಸ್.ಪಿ. ರೋಡ್ ಸುತ್ತಮುತ್ತ ಟೂಲ್ಸ್ ಅಂಗಡಿಗಳು ಸಾಲಾಗಿವೆ. ಸ್ಪ್ಯಾನರ್, ಪ್ಲೇಯರ್‌ಗೆ ಟಪಾರಿಯಾ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ನಮ್ಮ ಗ್ಯಾರೇಜ್‌ನಲ್ಲಿ ಜಾಸ್ತಿ ಇರುವುದೇ ಅದು. ಜಲಂಧರ್, ಲೂಧಿಯಾನದಲ್ಲಿ ತಯಾರಾಗುವ ಮಾಲಿನಲ್ಲೂ ಒಳ್ಳೆಯದಿದೆ, ಆದರೆ ಪರೀಕ್ಷೆ ಮಾಡಿ ಆರಿಸಬೇಕು.

ಪರೀಕ್ಷೆ ಕಷ್ಟ ಏನಿಲ್ಲ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ 10, 14, 17ರ ತಲೆಯ ಹೊಸ ಬೋಲ್ಟ್ ಮೂರು ಇಟ್ಟುಕೊಳ್ಳಿ. ಸ್ಪ್ಯಾನರ್ ಬಾಯಿಯನ್ನು ಬೋಲ್ಟಿಗೆ ಹಾಕಿ ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ತುಸು ಆಟ ಇರಲೇಬೇಕು, ಇಲ್ಲದಿದ್ದರೆ ಹೋಗುವುದೇ ಇಲ್ಲ. ಆದರೆ ಲಟಲಟ ಅಂದರೆ ಬೇಡ. ಸಾಕೆಟ್ಟಿನ ಒಳಗೆ ಬೆರಳು ಆಡಿಸಿ. ಪ್ಲೇಟಿಂಗ್ ಗಂಟು ಗಂಟಾಗಿದ್ದರೆ, ಸಿಪ್ಪೆ ಎದ್ದಿದ್ದರೆ ವಾಪಸ್ ಕೊಡಿ. ಆ ಸಿಪ್ಪೆ ಬ್ಲೇಡ್ ಥರ ಬೆರಳು ಕುಯ್ಯುತ್ತದೆ. ಕ್ರೋಮ್ ವೆನೇಡಿಯಂ (ಗಟ್ಟಿ ಉಕ್ಕು) ಅಂತ ಮೇಲೆ ಬರೆದಿದ್ದನ್ನೇ ನಂಬಬೇಡಿ, ಅದನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಇನ್ನೊಂದು: ಹೊಳೆಯುವ ಕ್ರೋಮ್ ಸಾಕೆಟ್ಟನ್ನು ಬಡಿದು ಬಡಿದು ತಿರುಗಿಸುವ ಇಂಪ್ಯಾಕ್ಟ್ ಗನ್ನಿಗೆ ಹಾಕಬೇಡಿ, ಒಡೆದು ಚೂರು ಹಾರುತ್ತದೆ. ಅದಕ್ಕೆ ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ ಬೇರೆ ಇದೆ.

ಎಷ್ಟು ಬಿಗಿಯಾಯಿತು ಅಂತ ತೋರಿಸುವ ಟಾರ್ಕ್ ರೆಂಚ್ ಬಗ್ಗೆಯೂ ಕೇಳಿದ್ದೀರಿ. ಈಗಲೇ ಬೇಡ, ಆದರೆ ಮುಂದೆ ನೀವು ಸೇರಿಸುವ ಮೊದಲ ದೊಡ್ಡ ಸಾಮಾನು ಅದೇ ಆಗಲಿ. ಹಳೇ ಸ್ವಿಫ್ಟ್‌ನ ವ್ಹೀಲ್ ನಟ್ಟಿಗೆ ಕಂಪನಿ ಹೇಳುವ ಬಿಗಿ 85 ನ್ಯೂಟನ್ ಮೀಟರ್. 70 ಕೆಜಿ ತೂಕದವರು 30 ಸೆಂಟಿಮೀಟರ್ ಸ್ಪ್ಯಾನರ್ ತುದಿಯ ಮೇಲೆ ಹತ್ತಿ ನಿಂತರೆ 200 ದಾಟುತ್ತದೆ. ಎರಡು ಪಟ್ಟಿಗಿಂತ ಜಾಸ್ತಿ! ಸ್ಟಡ್ ಎಳೆದುಕೊಳ್ಳುವುದು, ಪಂಕ್ಚರ್ ಆದಾಗ ರಸ್ತೆಯಲ್ಲಿ ಮನೆಯವರ ಕೈಯಲ್ಲಿ ನಟ್ ಬಿಚ್ಚಲಾಗದಿರುವುದು ಎಲ್ಲ ಇದರಿಂದಲೇ. ಸ್ಪಾರ್ಕ್ ಪ್ಲಗ್ ಇನ್ನೂ ನಾಜೂಕು. ಅಲ್ಯೂಮಿನಿಯಂ ಹೆಡ್ಡಿನಲ್ಲಿ ವಾಷರ್ ಇರುವ 14 ಮಿಲಿಮೀಟರ್ ಪ್ಲಗ್ಗಿಗೆ 25ರಿಂದ 30 ಸಾಕು. ಥ್ರೆಡ್ ಹೋದರೆ ಹೆಡ್ಡಿಗೇ ಖರ್ಚು. 20ರಿಂದ 110ರ ರೇಂಜಿನ, ಮೂರು ಎಂಟನೇ ಇಂಚು ಡ್ರೈವಿನದು ತೆಗೆದುಕೊಂಡರೆ ಈ ಎರಡೂ ಕೆಲಸಕ್ಕೆ ಬರುತ್ತದೆ. ಪೋಲೋ ಥರದ ಕಾರಿನ ವ್ಹೀಲ್ ಬೋಲ್ಟಿಗೆ 120 ಬೇಕು, ಅದಕ್ಕೆ ಅರ್ಧ ಇಂಚಿನದೇ ಆಗಬೇಕು. ಟಾರ್ಕ್ ರೆಂಚಿನಲ್ಲಿ ಯಾವತ್ತೂ ನಟ್ ಬಿಚ್ಚಬೇಡಿ. ಕೆಲಸ ಮುಗಿದ ಮೇಲೆ ಸ್ಕೇಲನ್ನು ಕೆಳಗಿನ ನಂಬರಿಗೆ ಇಳಿಸಿ ಇಡಿ, ಸ್ಪ್ರಿಂಗ್ ದಣಿಯುವುದಿಲ್ಲ.

ಕೊಂಡ ದಿನವೇ ಪ್ರತಿಯೊಂದರ ಮೇಲೂ ನಿಮ್ಮ ಗುರುತು ಹಾಕಿ. ಬಣ್ಣದ ಟೇಪ್ ಡೀಸೆಲ್ ತಾಗಿ ಬಿಟ್ಟುಹೋಗುತ್ತದೆ, ಎನ್‌ಗ್ರೇವರ್‌ನಿಂದ ಎರಡಕ್ಷರ ಕೊರೆಸಿ. ಗ್ಯಾರೇಜ್‌ನಲ್ಲಿ ಯಾರೂ ಕದಿಯುವುದಿಲ್ಲ, ಒಂದರೊಳಗೊಂದು ಬೆರೆತುಹೋಗುತ್ತದೆ ಅಷ್ಟೇ. ಹತ್ತು ಸಾವಿರವನ್ನೂ ಒಂದೇ ಸಲ ಖರ್ಚು ಮಾಡಬೇಡಿ. ಎರಡು ಸಾವಿರ ಉಳಿಸಿಕೊಳ್ಳಿ. ಮೊದಲ ತಿಂಗಳು ಪಕ್ಕದವರ ಹತ್ತಿರ ಯಾವ ಟೂಲ್ ಪದೇ ಪದೇ ಕೇಳಿದಿರೋ ಬರೆದಿಡಿ, ಆ ದುಡ್ಡಿನಲ್ಲಿ ಅದನ್ನೇ ಕೊಳ್ಳಿ. ಅಲ್ಲಿ ಯಾವ ಕಾರುಗಳು ಜಾಸ್ತಿ ಬರುತ್ತವೆ ಅಂತ ಇಲ್ಲಿ ಬರೆದರೆ, ಸಾಕೆಟ್ ನಂಬರ್ ಸಮೇತ ಪಟ್ಟಿ ಮಾಡಿ ಕೊಡುತ್ತೇನೆ.