ಕೊಪ್ಪಳದಲ್ಲಿದ್ದು ಪರಿಸರ ಕಾನೂನಿನ ಸಂಶೋಧಕರಾಗಬಹುದಾ?

ಕೊಪ್ಪಳದ ಕಾನೂನು ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ: ಕೋರ್ಟಿನಲ್ಲಿ ವಾದ ಮಾಡದೆ, ಮಾಲಿನ್ಯದ ಕಾನೂನನ್ನು ಸಂಶೋಧಿಸುತ್ತಲೇ ಬದುಕಬಹುದಾ?

ಖಂಡಿತ ಆಗಬಹುದು. ನಮ್ಮ ಭಾಗದಲ್ಲಂತೂ ಇಂಥವರು ಜಾಸ್ತಿ ಬೇಕು. ಬಳ್ಳಾರಿಯನ್ನೇ ನೋಡಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಅಕ್ರಮ ಎಷ್ಟಾಗಿದೆ ಎಂದು ನೋಡಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು; ಹೆಚ್ಚು ಅಕ್ರಮ ನಡೆದವು ಸಿ. 2013ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಇದು ಬರೀ ವಾದದಿಂದ ಆದದ್ದಲ್ಲ. ಗಡಿ ಸರ್ವೆ, ನಕ್ಷೆ, ಲೋಕಾಯುಕ್ತ ವರದಿ, ಹೀಗೆ ಕಾಗದದ ದೊಡ್ಡ ರಾಶಿ ಅದರ ಹಿಂದಿತ್ತು. ಸಂಶೋಧಕರ ಕೆಲಸ ಇರುವುದೇ ಆ ರಾಶಿಯಲ್ಲಿ.

ದಿನದ ಕೆಲಸ ಹೀಗಿರುತ್ತದೆ. ಕಾರ್ಖಾನೆಗೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಒಪ್ಪಿಗೆ ಪತ್ರ ಓದಬೇಕು. ಅದರ ಷರತ್ತುಗಳನ್ನು ಅಲ್ಲಿನ ಹೊಗೆ, ನೀರಿನ ಪರೀಕ್ಷಾ ವರದಿಯ ಜೊತೆ ಹೋಲಿಸಬೇಕು. ಸಿಗದ ದಾಖಲೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು. ಕಾರ್ಖಾನೆಗಳಿರುವ ಗಿಣಿಗೇರಿ ಕಡೆಯ ಹೊಲಗಳಲ್ಲಿ ನಡೆದು, ಎಲೆ ಮೇಲಿನ ಕಪ್ಪು ಧೂಳನ್ನೂ ನೋಡಬೇಕು ಅಲ್ವಾ? ಶಾಖೋತ್ಪನ್ನ ವಿದ್ಯುತ್ ಕೇಂದ್ರವಿರುವ ರಾಯಚೂರಿನ ಶಕ್ತಿನಗರದಲ್ಲಾದರೆ, ಕಲ್ಲಿದ್ದಲು ಸುಟ್ಟಾಗ ಬರುವ ಹಾರುಬೂದಿಯ ನಿಯಮ ಗೊತ್ತಿರಬೇಕು.

ಮೊದಲು 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ ಓದಿ. ಪರಿಸರದ ವ್ಯಾಜ್ಯಗಳನ್ನು ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2010ರ ಕಾಯ್ದೆಯಲ್ಲಿ ಗಡುವುಗಳನ್ನು ಗಮನಿಸಿ. ಯೋಜನೆಗೆ ಕೊಟ್ಟ ಪರಿಸರ ಅನುಮತಿಯನ್ನು ಅಲ್ಲಿ ಪ್ರಶ್ನಿಸಲು ಸಾಮಾನ್ಯವಾಗಿ 30 ದಿನ ಅಷ್ಟೇ. ಊರಿನವರು ಸೋಲುವುದು ಹೆಚ್ಚಾಗಿ ಇಲ್ಲೇ ಅಂತ ನನಗನಿಸುತ್ತದೆ.

ಎಲ್‌ಎಲ್‌ಬಿ ನಂತರ ಎಲ್‌ಎಲ್‌ಎಂ ಇದ್ದರೆ ಪಾಠ ಮಾಡುವ ದಾರಿಯೂ ತೆರೆಯುತ್ತದೆ. ಸಂಬಳ ಶುರುವಿನಲ್ಲಿ ಕಡಿಮೆಯೇ. ಆದರೆ ಇಂಗ್ಲಿಷ್ ವರದಿಯನ್ನು ರೈತರಿಗೆ ಕನ್ನಡದಲ್ಲಿ ಬಿಡಿಸಿ ಹೇಳಬಲ್ಲ ನಿಮ್ಮಂಥವರು ಇಲ್ಲಿ ತುಂಬಾ ಬೇಕು.